ಶಾಲೆ ಬಿಟ್ಟ ಯುವಕರಿಗೆ ಕೆಲಸ: ಹುಡುಕುವುದು ಮತ್ತು ಉಳಿಸಿಕೊಳ್ಳುವುದು

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ನಮ್ಮ ಹಳ್ಳಿಗಳ ಹಲವು ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ಇನ್ನು ಇವನಿಗೆ ದಾರಿ ಏನು?" ಎಂಟು, ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವರೂ ಇದ್ದಾರೆ. ಎರಡು ಎಕರೆ ಖುಷ್ಕಿ ಜಮೀನಿನಲ್ಲಿ ತಂದೆಗೂ ಇಬ್ಬರು ಬೆಳೆದ ಮಕ್ಕಳಿಗೂ ವರ್ಷವಿಡೀ ಕೆಲಸವಿರುವುದಿಲ್ಲ. ರಾಗಿಯ ಬಿತ್ತನೆ, ಕಳೆ, ಕಟಾವು, ಒಕ್ಕಣೆ ಮುಗಿದರೆ ಉಳಿದ ತಿಂಗಳುಗಳು ಅರಳಿಕಟ್ಟೆಯ ಮೇಲೆ ಕಳೆಯುತ್ತವೆ. ಹೀಗೆ ಎರಡು ಮೂರು ವರ್ಷ ಕಳೆದರೆ ಓದೂ ಮರೆತು ಹೋಗುತ್ತದೆ, ದುಡಿಯುವ ಅಭ್ಯಾಸವೂ ಬೆಳೆಯುವುದಿಲ್ಲ.

ಇನ್ನು ಕೆಲವರು ಯಾರದೋ ಮಾತು ಕೇಳಿ ಪಟ್ಟಣಕ್ಕೆ ಹೋಗುತ್ತಾರೆ, ಎರಡೇ ತಿಂಗಳಲ್ಲಿ ಹಿಂದಿರುಗುತ್ತಾರೆ. ಹೋಗಿಬಂದ ಖರ್ಚು ಮನೆಯ ಸಾಲಕ್ಕೆ ಸೇರುತ್ತದೆ. ಆದುದರಿಂದ ಕೆಲಸ ಹುಡುಕುವುದು ಎಷ್ಟು ಮುಖ್ಯವೋ ಸಿಕ್ಕ ಕೆಲಸದಲ್ಲಿ ನಿಲ್ಲುವಂತೆ ಮಾಡುವುದೂ ಅಷ್ಟೇ ಮುಖ್ಯ. ಇದಕ್ಕೆ ತಂದೆತಾಯಿಗಳು ಅನುಸರಿಸಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಿದೆ.

ಮೊದಲು ವಯಸ್ಸು ನೋಡಿರಿ

14 ವರ್ಷ ತುಂಬದ ಮಕ್ಕಳ ಸ್ಥಾನ ಶಾಲೆ. ಅವರನ್ನು ಕೆಲಸಕ್ಕೆ ಇಡುವುದು ಕಾನೂನಿನಂತೆ ಅಪರಾಧ. 2016ರ ತಿದ್ದುಪಡಿಯ ನಂತರ 14ರಿಂದ 18ರವರೆಗಿನವರನ್ನೂ ಗಣಿ, ಸಿಡಿಮದ್ದು ಮುಂತಾದ ಅಪಾಯದ ಕೆಲಸಗಳಿಗೆ ಸೇರಿಸುವಂತಿಲ್ಲ. ಈ ವಯಸ್ಸಿನವರಿಗೆ ಕಸುಬು ಕಲಿಯುವುದೇ ಸರಿಯಾದ ದಾರಿ. 18 ತುಂಬಿದವರು ಕಲಿಕೆ, ಕೆಲಸ ಎರಡನ್ನೂ ಯೋಚಿಸಬಹುದು.

ಓದನ್ನು ಪೂರ್ತಿ ಕೈಬಿಡಬೇಡಿರಿ. ಒಂದೆರಡು ವಿಷಯಗಳಲ್ಲಿ ನಪಾಸಾದವರು ಅವುಗಳನ್ನಷ್ಟೇ ಮತ್ತೆ ಬರೆಯಬಹುದು. ಶಾಲೆ ಬಿಟ್ಟು ವರ್ಷಗಳಾದವರು 1989ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಮನೆಯಲ್ಲಿದ್ದೇ ಓದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಹತ್ತನೆಯ ತರಗತಿ ಪಾಸಾದರೆ ಮುಂದೆ ಎಷ್ಟೋ ಬಾಗಿಲುಗಳು ತೆರೆಯುತ್ತವೆ.

ಕಾಗದಪತ್ರಗಳು

ಕೆಲಸ ತಪ್ಪಿಹೋಗಲು ಎಷ್ಟೋ ವೇಳೆ ಕಾಗದಪತ್ರಗಳೇ ಕಾರಣ. ಶಾಲೆಯ ವರ್ಗಾವಣೆ ಪತ್ರ, ಅಂಕಪಟ್ಟಿ, ಆಧಾರ್, ಬ್ಯಾಂಕಿನ ಪಾಸ್ ಪುಸ್ತಕ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇವು ಸಿದ್ಧವಿರಲಿ. ಎಲ್ಲದರಲ್ಲಿಯೂ ಹೆಸರು ಮತ್ತು ಜನ್ಮದಿನಾಂಕ ಒಂದೇ ಇವೆಯೇ ನೋಡಿರಿ. ಒಂದರಲ್ಲಿ "ಮಂಜಪ್ಪ", ಇನ್ನೊಂದರಲ್ಲಿ "ಮಂಜುನಾಥ" ಎಂದಿದ್ದರೆ ಭವಿಷ್ಯನಿಧಿ ಹಣ ಪಡೆಯುವಾಗ ತೊಂದರೆಯಾಗುತ್ತದೆ. ಬಿಡುವಿರುವಾಗಲೇ ಸರಿಪಡಿಸಿರಿ. ಮೂಲ ಪ್ರತಿಗಳನ್ನು ಯಾವ ಮಾಲೀಕರ ಬಳಿಯೂ ಬಿಡಬಾರದು. ನಕಲು ಕೊಟ್ಟರೆ ಸಾಕು.

ಕಸುಬು ಆರಿಸುವುದು

ಮಣ್ಣು ನೋಡಿ ಬೆಳೆ ಆರಿಸುವಂತೆ ಊರಿನ ಸುತ್ತಲಿನ ಬೇಡಿಕೆ ನೋಡಿ ಕಸುಬು ಆರಿಸಬೇಕು. ನಿಮ್ಮ ಹೋಬಳಿಯಲ್ಲಿ ಎಷ್ಟು ಕೊಳವೆ ಬಾವಿಗಳಿವೆ, ಮೋಟಾರು ಸುಟ್ಟರೆ ಎಷ್ಟು ದೂರ ಒಯ್ಯಬೇಕು, ತೆಂಗಿನ ಕಾಯಿ ಕೀಳುವವರು ಎಷ್ಟು ಜನ ಸಿಗುತ್ತಾರೆ, ಹನಿ ನೀರಾವರಿ ಕೊಳವೆ ಜೋಡಿಸಲು ಯಾರನ್ನು ಕರೆಯುತ್ತೀರಿ? ಈ ಪ್ರಶ್ನೆಗಳಿಗೆ ನಿಮಗೇ ಉತ್ತರ ಗೊತ್ತು. ನೀವು ಯಾವ ಕೆಲಸಗಾರನಿಗಾಗಿ ಕಾಯುತ್ತಿರುವಿರೋ ಆ ಕೆಲಸಕ್ಕೆ ನಿಮ್ಮೂರಿನಲ್ಲಿ ಬೇಡಿಕೆ ಇದೆ ಎಂದೇ ಅರ್ಥ.

ಹುಡುಗನ ಒಲವನ್ನೂ ಕೇಳಿರಿ. ನೆರೆಮನೆಯವನು ಹೋದನೆಂದು ಇವನನ್ನೂ ಕಳುಹಿಸಿದರೆ ನಿಲ್ಲುವುದು ಕಷ್ಟ.

ಎಲ್ಲಿ ಕಲಿಯಬಹುದು?

1. ಕೈಗಾರಿಕಾ ತರಬೇತಿ ಸಂಸ್ಥೆ (ಐ.ಟಿ.ಐ.): ಹೆಚ್ಚಿನ ಕಸುಬುಗಳಿಗೆ ಹತ್ತನೆಯ ತರಗತಿ ಬೇಕು. ವೆಲ್ಡರ್, ವೈರ್‌ಮನ್ ಮುಂತಾದ ಕೆಲವಕ್ಕೆ ಎಂಟನೆಯ ತರಗತಿ ಪಾಸಾದವರನ್ನೂ ಸೇರಿಸಿಕೊಳ್ಳುವುದುಂಟು. ಪ್ರವೇಶದ ಸಮಯದಲ್ಲಿ ಹತ್ತಿರದ ಸಂಸ್ಥೆಯಲ್ಲಿ ವಿಚಾರಿಸಿರಿ.

2. ಅಪ್ರೆಂಟಿಸ್ ತರಬೇತಿ: 1961ರ ಕಾಯಿದೆಯಂತೆ ಕಾರ್ಖಾನೆಗಳು ಯುವಕರಿಗೆ ಕೆಲಸ ಕಲಿಸುತ್ತಾ ತಿಂಗಳಿಗೆ ಭತ್ಯವನ್ನೂ ಕೊಡುತ್ತವೆ. ಸೇರುವಾಗ ಬರಹದ ಒಪ್ಪಂದ ಇರಬೇಕು.

3. ರುಡ್‌ಸೆಟ್ ಸಂಸ್ಥೆ: 1982ರಲ್ಲಿ ಧರ್ಮಸ್ಥಳದ ಬಳಿಯ ಉಜಿರೆಯಲ್ಲಿ ಮೊದಲ ಸಂಸ್ಥೆ ಆರಂಭವಾಯಿತು. ಇದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಮೋಟಾರು ಸುತ್ತುವುದು, ಮೊಬೈಲ್ ದುರಸ್ತಿ, ಹೊಲಿಗೆ, ಹೈನುಗಾರಿಕೆ ಮುಂತಾದವನ್ನು ಊಟ ವಸತಿ ಸಹಿತ ಉಚಿತವಾಗಿ ಕಲಿಸುತ್ತಾರೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ಕಾಲ ವಿಚಾರಿಸಿಕೊಳ್ಳುವುದು ಇವುಗಳ ವಿಶೇಷ.

4. ಕೃಷಿ ವಿಜ್ಞಾನ ಕೇಂದ್ರ: ಕಸಿ ಕಟ್ಟುವುದು, ನರ್ಸರಿ, ಅಣಬೆ, ಜೇನು ಸಾಕಣೆ ಇವುಗಳಲ್ಲಿ ಗ್ರಾಮೀಣ ಯುವಕರಿಗೆ ತರಬೇತಿಗಳು ನಡೆಯುತ್ತವೆ. ಕಸಿ ಕಟ್ಟುವ ಕೈ ಪಳಗಿದವನಿಗೆ ಖಾಸಗಿ ನರ್ಸರಿಗಳಲ್ಲಿ ಕೆಲಸವಿದೆ.

5. ವಾಹನ ಚಾಲನೆ: ಬಾಡಿಗೆ ವಾಹನ ಓಡಿಸಲು ಮೊದಲು ಎಂಟನೆಯ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಈ ನಿಯಮವನ್ನು ತೆಗೆಯಲಾಯಿತು. ಆದರೆ ಲೈಸೆನ್ಸ್ ಇಲ್ಲದೆ ಟ್ರಾಕ್ಟರನ್ನೂ ಮುಟ್ಟಬಾರದು.

ಮುಂಗಡದ ವಿಷಯದಲ್ಲಿ ಎಚ್ಚರ

ಮನೆಯ ಅಡಚಣೆಗೆ ಮೇಸ್ತ್ರಿಯಿಂದ ಮುಂಗಡ ಪಡೆದು ಮಗನನ್ನು ಕಳುಹಿಸುವ ಪದ್ಧತಿ ಅಲ್ಲಲ್ಲಿ ಉಳಿದಿದೆ. ಸಾಲ ತೀರುವವರೆಗೆ ದುಡಿಯಲೇಬೇಕೆಂದು ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ನಿಷೇಧಿಸಿದೆ. ಅಂತಹ ಸಾಲವೂ ರದ್ದಾಗುತ್ತದೆ. ಕೆಲಸ ಕೊಡಿಸುತ್ತೇನೆಂದು ಮೊದಲೇ ಹಣ ಕೇಳುವ ದಲ್ಲಾಳಿಗಳನ್ನೂ ದೂರವಿಡಿರಿ.

ಸಂಬಳದ ಲೆಕ್ಕ

ಹೇಳಿದ ಸಂಬಳಕ್ಕೂ ಕೈಗೆ ಬರುವ ಹಣಕ್ಕೂ ವ್ಯತ್ಯಾಸವಿದೆ. ಇದನ್ನು ತಿಳಿಯದೆ "ಮಾಲೀಕರು ಮೋಸ ಮಾಡಿದರು" ಎಂದು ಕೆಲಸ ಬಿಟ್ಟವರುಂಟು. ಒಂದು ಉದಾಹರಣೆ ನೋಡೋಣ.

ಬೆಂಗಳೂರಿನ ಕಾರ್ಖಾನೆಯಲ್ಲಿ ತಿಂಗಳಿಗೆ ರೂ. 15,000 ಮೂಲವೇತನವೆಂದು ಇಟ್ಟುಕೊಳ್ಳಿರಿ. ಇದರಲ್ಲಿ ಶೇ. 12ರಂತೆ ಭವಿಷ್ಯನಿಧಿಗೆ ರೂ. 1,800, ಶೇ. 0.75ರಂತೆ ಇ.ಎಸ್.ಐ. ವಿಮೆಗೆ ರೂ. 113 ಕಡಿತವಾಗಿ ಕೈಗೆ ರೂ. 13,087 ಬರುತ್ತದೆ. ಕೋಣೆ ಬಾಡಿಗೆಯ ಪಾಲು, ಊಟ, ಬಸ್ಸು, ಊರಿಗೆ ಬಂದುಹೋಗುವುದು ಎಲ್ಲ ಸೇರಿ ರೂ. 10,000 ಆದರೆ ರೂ. 3,087 ಉಳಿಯಿತು. ಆದರೆ ಭವಿಷ್ಯನಿಧಿಗೆ ಹೋದ ರೂ. 1,800 ಅವನದೇ ಉಳಿತಾಯ. ಮಾಲೀಕರೂ ಅಷ್ಟೇ ಹಣ ಕಟ್ಟಬೇಕು, ಅದರ ಒಂದು ಭಾಗ ಪಿಂಚಣಿಗೆ ಸೇರುತ್ತದೆ. ಎಲ್ಲವನ್ನೂ ಕೂಡಿಸಿದರೆ ರೂ. 6,687.

ಅದೇ ಹುಡುಗ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲಿ ರೂ. 9,000ಕ್ಕೆ ದುಡಿದು ಮನೆಯಿಂದಲೇ ಓಡಾಡಿ ರೂ. 2,500 ಖರ್ಚು ಮಾಡಿದರೆ ರೂ. 6,500 ಉಳಿಯುತ್ತದೆ. ಎರಡೂ ಹೆಚ್ಚುಕಡಿಮೆ ಸಮ. ಆದುದರಿಂದ ಸಂಬಳದ ಅಂಕಿ ಒಂದನ್ನೇ ನೋಡದೆ, ಎಲ್ಲಿ ಹೆಚ್ಚು ಕಲಿಯುತ್ತಾನೆ, ಎರಡು ವರ್ಷದ ನಂತರ ಯಾವ ಸ್ಥಾನದಲ್ಲಿರುತ್ತಾನೆ ಎಂಬುದನ್ನು ನೋಡಿ ತೀರ್ಮಾನಿಸಿರಿ.

ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನರಿರುವಲ್ಲಿ ಭವಿಷ್ಯನಿಧಿ, 10 ಅಥವಾ ಹೆಚ್ಚು ಜನರಿರುವಲ್ಲಿ ಇ.ಎಸ್.ಐ. ಅನ್ವಯಿಸುತ್ತದೆ. ಪ್ರತಿ ತಿಂಗಳೂ ಸಂಬಳದ ಚೀಟಿ ಕೇಳಿ ಪಡೆದು ಜೋಪಾನವಾಗಿಡಲು ಹೇಳಿರಿ. ಭವಿಷ್ಯನಿಧಿ ಸಂಖ್ಯೆ ಕೆಲಸ ಬದಲಾದರೂ ಒಂದೇ. ಅದನ್ನು ಬರೆದಿಟ್ಟುಕೊಳ್ಳಬೇಕು.

ಮೊದಲ ಮೂರು ತಿಂಗಳು

ಟೊಮ್ಯಾಟೊ ಸಸಿ ಕೀಳುವ ಕೆಲವು ದಿನ ಮೊದಲು ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿಮಾಡುತ್ತೇವೆ. ನಾಟಿ ಮಾಡಿದ ಮೇಲೆ ಬೇರು ಬಿಡುವವರೆಗೆ ದಿನವೂ ಹೋಗಿ ನೋಡುತ್ತೇವೆ. ಮಕ್ಕಳಿಗೂ ಇವೆರಡೂ ಬೇಕು.

ಕಳುಹಿಸುವ ಮೊದಲು: ಒಂದೆರಡು ತಿಂಗಳು ಹತ್ತಿರದ ಗ್ಯಾರೇಜಿನಲ್ಲೋ ಡೇರಿಯಲ್ಲೋ ಹೊತ್ತಿಗೆ ಸರಿಯಾಗಿ ಹೋಗಿ ಬರಲಿ. ಬ್ಯಾಂಕಿನ ವ್ಯವಹಾರ ಒಬ್ಬನೇ ಮಾಡಲಿ. ಅನ್ನ ಬೇಯಿಸುವುದು, ಬಟ್ಟೆ ಒಗೆಯುವುದು ಕಲಿಯಲಿ. ಹೊರ ಊಟ ಒಗ್ಗದೆ ಕಾಯಿಲೆ ಬಿದ್ದು ಮರಳುವವರು ಬಹಳ.

ಕಳುಹಿಸುವಾಗ: ಮೊದಲ ಸಂಬಳ ಬರುವುದು ತಿಂಗಳು ಕಳೆದ ಮೇಲೆ. ಆದುದರಿಂದ ಒಂದೂವರೆ ತಿಂಗಳ ಖರ್ಚಿಗೆ ಹಣವಿರಲಿ. ಇಲ್ಲದಿದ್ದರೆ ಮೊದಲ ವಾರದಲ್ಲೇ ಸಾಲ ಮಾಡುತ್ತಾನೆ. ಸಾಧ್ಯವಾದರೆ ಊರಿನ ಇಬ್ಬರು ಹುಡುಗರು ಜೊತೆಯಾಗಿ ಹೋಗಲಿ.

ಹೋದ ಮೇಲೆ: ಮೊದಲ ತಿಂಗಳಲ್ಲಿ ಒಮ್ಮೆ ಹೋಗಿ ಕೋಣೆ, ಊಟ, ಕೆಲಸದ ಜಾಗ ನೋಡಿ ಬನ್ನಿರಿ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡಿರಿ. "ಸಂಬಳ ಬಂತೇ?" ಎಂಬುದಕ್ಕಿಂತ ಮೊದಲು "ಏನು ಕಲಿತೆ?" ಎಂದು ಕೇಳಿರಿ.

ಇನ್ನೊಂದು ಮಾತು. ಬಿತ್ತನೆಗೆ, ಜಾತ್ರೆಗೆ, ಗೃಹಪ್ರವೇಶಕ್ಕೆಂದು ಪದೇ ಪದೇ ಕರೆಸಬೇಡಿರಿ. ಹೇಳದೆ ಕೇಳದೆ ನಾಲ್ಕು ದಿನ ತಪ್ಪಿಸಿಕೊಂಡವನ ಜಾಗದಲ್ಲಿ ಐದನೆಯ ದಿನ ಬೇರೊಬ್ಬನಿರುತ್ತಾನೆ. ಬರಲೇಬೇಕಾದ ದಿನಗಳನ್ನು ಮುಂಚಿತವಾಗಿ ತಿಳಿಸಿದರೆ ಅವನು ರಜೆ ಕೇಳಿಕೊಳ್ಳಬಹುದು.

ಕೆಲಸ ಬಿಟ್ಟು ಬಂದರೆ ಬೈಯುವ ಮೊದಲು ಕಾರಣ ಕೇಳಿರಿ. ಸಂಬಳ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಬಹುದು. ಕೆಲಸ ಅಪಾಯದ್ದಾಗಿದ್ದರೆ ಬಿಟ್ಟದ್ದೇ ಸರಿ. ಹೊಂದಿಕೆಯಾಗದಿದ್ದರೆ ಬೇರೆ ಕೆಲಸ ನೋಡಿರಿ, ಆದರೆ ತಡಮಾಡಬೇಡಿರಿ. ಸತ್ತ ಸಸಿಯ ಜಾಗಕ್ಕೆ ವಾರ, ಹತ್ತು ದಿನದೊಳಗೆ ಬೇರೆ ಸಸಿ ನೆಡದಿದ್ದರೆ ಅದು ಉಳಿದವುಗಳ ಸಮಕ್ಕೆ ಬರುವುದಿಲ್ಲವಷ್ಟೆ.

ಹೆಣ್ಣುಮಕ್ಕಳು

ಶಾಲೆ ಬಿಟ್ಟ ಮಗಳಿಗೆ ಮದುವೆಯೊಂದೇ ದಾರಿಯಲ್ಲ. ಹೊಲಿಗೆ, ನರ್ಸರಿ, ಸಿದ್ಧ ಉಡುಪು ಕಾರ್ಖಾನೆ ಎಲ್ಲೆಡೆ ಅವರ ಕೈಗೆ ಕೆಲಸವಿದೆ. ಕಳುಹಿಸುವ ಮೊದಲು ವಸತಿ, ರಾತ್ರಿ ಪಾಳಿ, ಓಡಾಟದ ವಾಹನ ಇವನ್ನು ತಾಯಿ ತಾನೇ ನೋಡಿ ಬರುವುದು ಒಳ್ಳೆಯದು. ಸಂಬಳ ಅವಳ ಹೆಸರಿನ ಖಾತೆಗೇ ಜಮೆಯಾಗಲಿ.

ರೈತ ಬಾಂಧವರೇ, ನಿಮ್ಮಲ್ಲಿ ಟ್ರಾಕ್ಟರು, ನರ್ಸರಿ, ಹತ್ತಾರು ಹಸುಗಳಿರುವವರು ಊರಿನ ಒಬ್ಬ ಹುಡುಗನಿಗೆ ಕೆಲಸ ಕಲಿಸಬಹುದು. ಬರೀ ಚಾಕರಿ ಮಾಡಿಸದೆ ಕಸುಬು ಕಲಿಸಿ, ತಿಂಗಳಿಗೆ ಸರಿಯಾಗಿ ಕೂಲಿ ಕೊಡಿರಿ. ಹೆಚ್ಚಿನ ವಿವರಗಳಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ, ಐ.ಟಿ.ಐ. ಅಥವಾ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಸಂಪರ್ಕಿಸಿರಿ.