ಹಳೆ ಪಿಕಪ್ ಕೊಳ್ಳುವವರಿಗೆ ಎಂಟು ಸೂತ್ರಗಳು

ಬೊಲೆರೊ ಪಿಕಪ್ಪೋ, ಟಾಟಾ 207ಓ, ಅಶೋಕ್ ಲೇಲ್ಯಾಂಡ್ ದೋಸ್ತೋ, ಯಾವುದಾದರೂ ಆಗಲಿ, ಮೀಟರ್ ತಿದ್ದಿಸಬಹುದು, ಬಣ್ಣ ಹೊಡೆಸಬಹುದು. ಹೊತ್ತ ಲೋಡಿನ ಗುರುತು ಮಾತ್ರ ಚಾಸಿಯಿಂದ ಅಳಿಯುವುದಿಲ್ಲ.

1. "ಎಷ್ಟು ಕಿಲೋಮೀಟರ್ ಓಡಿದೆ?" ಅನ್ನುವುದಕ್ಕೆ ಮೊದಲು "ಏನು ಹೊಡೀತಿದ್ರಿ?" ಎಂದು ಕೇಳಿ. ಕೋಲಾರದ ಮಂಡಿಯಿಂದ ಚೆನ್ನೈಗೆ ಟೊಮೆಟೊ ಒಯ್ದ ಗಾಡಿ ಎರಡು ಲಕ್ಷ ದಾಟಿದ್ದರೂ ಹೆದರಬೇಕಿಲ್ಲ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡಿದ ಡೀಸೆಲ್ ಎಂಜಿನ್ ಬೇಗ ಸೋಲುವುದಿಲ್ಲ. ಜಲ್ಲಿ, ಎಂ-ಸ್ಯಾಂಡ್ ತುಂಬಿದ್ದು ಅದರ ಅರ್ಧ ಓಡಿದ್ದರೂ ಸೊಂಟ ಬಿದ್ದಿರುತ್ತದೆ. ಮಲ್ಪೆ, ಮಂಗಳೂರು ದಕ್ಕೆಯ ಮೀನಿನ ಗಾಡಿಯಾದರೆ ಇನ್ನೂ ಹುಷಾರು. ಮೀನಿನ ಪೆಟ್ಟಿಗೆಯಿಂದ ಸೋರಿದ ಉಪ್ಪುನೀರು ಚಾಸಿಯ ಒಳಗಿನಿಂದ ತುಕ್ಕು ಹಿಡಿಸುತ್ತದೆ, ಹೊರಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ.

2. ಗಾಡಿಯ ಕೆಳಗೆ ಮಲಗಿ ನೋಡಿ. ಬಟ್ಟೆ ಕೊಳೆಯಾದರೆ ಆಗಲಿ. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಕೂಡುವ ಜಾಗದಲ್ಲಿ ಬಿರುಕು, ವೆಲ್ಡಿಂಗ್ ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಿ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಹಾಕಿಸಿದ್ದರೆ ಓವರ್‌ಲೋಡ್ ಹೊಡೆದಿದ್ದಾರೆಂದೇ ಲೆಕ್ಕ. ಚಾಸಿಗೆ ಮೊನ್ನೆ ಮೊನ್ನೆ ಕಪ್ಪು ಬಣ್ಣ ಬಳಿದಿದ್ದರೆ ಸಣ್ಣ ಸುತ್ತಿಗೆಯಿಂದ ತಟ್ಟಿ. ತುಕ್ಕು ತಿಂದ ಕಬ್ಬಿಣದ ಸದ್ದೇ ಬೇರೆ.

3. ಬೆಳಿಗ್ಗೆ ಬೇಗ, ಹೇಳದೆ ಹೋಗಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಎಂಜಿನ್ ಯಾರ ಕೈಯಲ್ಲಾದರೂ ಸ್ಟಾರ್ಟ್ ಆಗುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪಾದರೆ ಇಂಜೆಕ್ಟರ್, ಟರ್ಬೊ ಅಥವಾ ಏರ್ ಫಿಲ್ಟರ್ ಕಡೆ ನೋಡಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ವ್ಯಾಪಾರವನ್ನು ಅಲ್ಲಿಗೇ ಬಿಡಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಗಾಳಿ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿದೆ.

4. ಖಾಲಿ ಗಾಡಿ ಎಲ್ಲವೂ ಚೆನ್ನಾಗೇ ಓಡುತ್ತದೆ. ಲೋಡು ಹಾಕಿಸಿ ಏರು ಹತ್ತಿಸಿ. ಕ್ಲಚ್ ಜಾರಿದರೆ, ಹಿಂದಿನ ಹೌಸಿಂಗ್ ಕೂಗಿದರೆ ಅಲ್ಲೇ ತಿಳಿಯುತ್ತದೆ.

5. ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಆಮೇಲಿನ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಊರೊಳಗೇ ತುಸು ದೂರ ಓಡಿ ನಿಲ್ಲುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಬದಲಿಸಲು ದುಬಾರಿ. ಮೀಟರ್‌ನಲ್ಲಿ ಎಚ್ಚರಿಕೆ ದೀಪ ಉರಿಯುತ್ತಿದ್ದರೆ "ಸೆನ್ಸರ್ ಪ್ರಾಬ್ಲಂ ಅಷ್ಟೇ" ಎಂಬ ಮಾತನ್ನು ನಂಬಬೇಡಿ, ಸ್ಕ್ಯಾನರ್ ಹಾಕಿಸಿ.

6. ಚಾಸಿ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಮಾರಾಟಕ್ಕಿಟ್ಟಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಒಟ್ಟು ತೂಕ 3,000 ಕೆಜಿ ಮೀರಿದರೆ ಪರ್ಮಿಟ್ಟೂ ಬೇಕು. ಫೈನಾನ್ಸ್ ಸಾಲ ತೀರಿದೆ ಎಂದರೆ ಸಾಲದು, ಎನ್‌ಒಸಿಯೂ ಫಾರಂ 35ಊ ಕೈಗೆ ಬರಲಿ. ಬಾಕಿ ದಂಡ ಎಷ್ಟಿದೆ ನೋಡಿ.

7. ದಿಲ್ಲಿ ಕಡೆಯ ಗಾಡಿ ಅಗ್ಗಕ್ಕೆ ಸಿಗುವುದಕ್ಕೆ ಕಾರಣವಿದೆ. 10 ವರ್ಷ ದಾಟಿದ ಡೀಸೆಲ್ ವಾಹನ ಅಲ್ಲಿ ಓಡುವಂತಿಲ್ಲವೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿನ ತೆರಿಗೆ, ಕೆಎ ನಂಬರು ಎಲ್ಲ ಕೂಡಿಸಿದ ಮೇಲೆ ಅಗ್ಗವೇನೂ ಉಳಿಯದಿರಬಹುದು.

8. ಫಾರಂ 29, 30ಕ್ಕೆ ಸಹಿಯಾಗದೆ ಪೂರ್ತಿ ಹಣ ಕೊಡಬೇಡಿ. ಮಾರುವವರು "ಹೆಸರು ಆಮೇಲೆ ಬದಲಿಸಿಕೊಳ್ಳಿ" ಅಂದರೆ, ಆರ್‌ಸಿಯಲ್ಲಿ ಹೆಸರಿದ್ದವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದನ್ನು ನೆನಪಿಸಿ. ಅವರೇ ಅವಸರ ಮಾಡುತ್ತಾರೆ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಡೆಲಿವರಿ ಚೀಟಿಯಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ. ಬೆಳಿಗ್ಗೆ ಅವರ ಡ್ರೈವರ್ ಸಿಗ್ನಲ್ ಹಾರಿಸಿದ್ದರೆ ಆ ದಂಡ ಅವರದ್ದೇ.