ಹಾಸಿನ ಕೆಳಗೆ ಹೋದ ಹಣ

ಸಿಂದಗಿಯಲ್ಲಿ ನಾವು ಮನೆ ಕಟ್ಟಿದ ಜಾಗ ಮೊದಲು ಜೋಳ ಬೆಳೆಯುವ ಹೊಲವಾಗಿತ್ತು. ಕೃಷಿಯೇತರ (ಎನ್.ಎ.) ಜಾಗವಾಗಿ ಪ್ಲಾಟು ಬಿದ್ದರೂ ಮಣ್ಣು ಮಾತ್ರ ಕಪ್ಪು ಎರಿಯಾಗಿಯೇ ಉಳಿಯಿತು. ಮನೆ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಕೈತೋಟ. ಸೆಪ್ಟೆಂಬರಿನಲ್ಲಿ ಎರಡು ದೊಡ್ಡ ಮಳೆ ಬಿದ್ದರೆ ವಾರಗಟ್ಟಲೆ ನೀರು ನಿಲ್ಲುತ್ತಿತ್ತು. ಮಲ್ಲಿಗೆ ಬಳ್ಳಿ ಬೇರು ಕೊಳೆತು ಸತ್ತಿತು. ಚಪ್ಪಲಿಗೆ ಮೆತ್ತಿದ ರಾಡಿ ಪಡಸಾಲೆವರೆಗೂ ಬರುತ್ತಿತ್ತು.

ಅಂಗಡಿಯವರು ಕೃತಕ ಹುಲ್ಲಿನ ಹಾಸು ತೋರಿಸಿದರು. ತಳದಲ್ಲಿ ತೂತುಗಳಿವೆ, ನೀರು ಇಳಿದುಹೋಗುತ್ತದೆ ಎಂದರು. ಚದರಡಿಗೆ 55 ರೂಪಾಯಿ, ಹಾಸುವ ಕೂಲಿ 15. ಮುನ್ನೂರು ಚದರಡಿಗೆ 21,000 ರೂಪಾಯಿ ಕೊಟ್ಟೆ. ಒಂದೇ ದಿನದಲ್ಲಿ ಅಂಗಳ ಹಸಿರಾಯಿತು.

ಮುಂದಿನ ಮಳೆಗೆ ಕಾಲಿಟ್ಟಲ್ಲೆಲ್ಲ ಪಚಪಚ ಅನ್ನತೊಡಗಿತು. ಒಂದು ಮೂಲೆ ಎತ್ತಿ ನೋಡಿದರೆ ಕಪ್ಪು ನೀರು, ಕೊಳೆತ ವಾಸನೆ. ಬಡಿದ ಮೊಳೆಗಳು ಬೆಣ್ಣೆಯಿಂದ ಬಂದಂತೆ ಕಿತ್ತು ಬಂದವು. ಹಾಸಿನಲ್ಲಿ ತೂತು ಇದ್ದದ್ದು ನಿಜ. ಆದರೆ ತೂತು ದಾಟಿದ ನೀರು ಮುಂದೆ ಎಲ್ಲಿಗೆ ಹೋಗಬೇಕು? ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಿರಿಯುತ್ತದೆ. ಏಪ್ರಿಲ್ ಹೊತ್ತಿಗೆ ಹಾಸು ಅಲ್ಲಲ್ಲಿ ಕುಸಿದು, ಜೋಡಣೆ ಬಿಟ್ಟಿತು. ಜೀವಂತ ಹುಲ್ಲು ನೀರಾವಿ ಬಿಟ್ಟು ತಂಪಾಗಿರುತ್ತದೆ, ಪ್ಲಾಸ್ಟಿಕ್ಕು ಕಾಯುತ್ತಲೇ ಹೋಗುತ್ತದೆ. ಹಪ್ಪಳ ಒಣಹಾಕಲು ಬರಿಗಾಲಲ್ಲಿ ಹೋದ ಅವ್ವ ನಾಲ್ಕು ಹೆಜ್ಜೆಗೇ ತಿರುಗಿ ಬಂದಳು.

ಕೊನೆಗೆ ಗೌಂಡಿಯನ್ನು ಕರೆಸಿದೆ. ಅವರು ನೀರು ತುಂಬಿದ ಲೆವೆಲ್ ಪೈಪು ಹಿಡಿದು ತೋಟದ ಎರಡು ತುದಿ ಅಳೆದರು. ಗಟಾರದ ಕಡೆಗಿನ ತುದಿಯೇ ಎರಡು ಇಂಚು ಎತ್ತರವಿತ್ತು. "ಮ್ಯಾಲ ಏನ್ ಹಾಸಿದ್ರೂ ಅಷ್ಟರಿ ಸರ್. ಮೊದ್ಲ ನೀರಿಗಿ ಹೋಗಾಕ ದಾರಿ ಮಾಡ್ರಿ" ಎಂದರು.

ಒಂದು ಅಡಿ ಎರಿ ತೆಗೆದೆವು. ಅಂದರೆ 300 ಘನ ಅಡಿ, ಮೂರು ಬ್ರಾಸ್. ತಳವನ್ನು ಗಟಾರದ ಕಡೆಗೆ ಎರಡೂವರೆ ಇಂಚು ಇಳಿಜಾರು ಮಾಡಿ, ತೂತು ಕೊರೆದ ನಾಲ್ಕಿಂಚಿನ ಪೈಪಿಗೆ ಬಟ್ಟೆ ಸುತ್ತಿ ಇಟ್ಟು, ಮೇಲೆ ಖಡಿ, ಅದರ ಮೇಲೆ ಮರಳು ಬೆರೆಸಿದ ಮಣ್ಣು ತುಂಬಿದೆವು. ಅಗೆದು ಸಾಗಿಸಲು 9,000, ಖಡಿ, ಮರಳು, ಮಣ್ಣಿಗೆ 12,000, ಪೈಪು ಬಟ್ಟೆಗೆ 5,000, ಕೂಲಿ 8,000. ಒಟ್ಟು 34,000 ರೂಪಾಯಿ. ಮೇಲೆ ಕರಿಕಿ ನೆಟ್ಟೆವು, ಅದಕ್ಕೆ ಖರ್ಚೇ ಇಲ್ಲ. ಬದಿಗೆ ಇಂಡಿಯಿಂದ ತಂದ ಒಂದು ಲಿಂಬೆ ಸಸಿ. ಎರಡು ಮಳೆಗಾಲ ಕಳೆದಿವೆ. ಮಳೆ ನಿಂತ ಮರುದಿನ ತೋಟದಲ್ಲಿ ನೀರಿರುವುದಿಲ್ಲ.

ಮೊದಲೇ ಗೌಂಡಿಯನ್ನು ಕರೆದಿದ್ದರೆ 34,000ಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ 55,000 ಹೋಯಿತು. ರೋಗ ನೆಲದಲ್ಲಿತ್ತು, ನಾನು ಔಷಧಿಯನ್ನು ಕಣ್ಣಿಗೆ ಚೆಂದ ಕಾಣುವಲ್ಲಿ ಹಚ್ಚಿದ್ದೆ.

ಇದು ನಮ್ಮ ಸೀಮೆಯ ಹೊಲಗಳ ಕತೆಯೂ ಹೌದು. ಆಲಮಟ್ಟಿ, ನಾರಾಯಣಪುರ ಕಾಲುವೆಗಳು ಬಂದ ಮೇಲೆ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಭಾಗಕ್ಕೆ ನೀರು ಬಂತು, ಬದುಕು ಬದಲಾಯಿತು. ಆದರೆ ಬಸಿಗಾಲುವೆಯಿಲ್ಲದ ತಗ್ಗಿನ ಎರಿ ಹೊಲಕ್ಕೆ ನೀರು ಹರಿಯುತ್ತಲೇ ಇದ್ದರೆ ಅದು ಸವಳು-ಜವಳು ಹಿಡಿಯುತ್ತದೆ. ಒಡ್ಡು ಹಾಕುವಾಗಲೇ ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಬಿಡುತ್ತಿದ್ದ ಹಿರಿಯರಿಗೆ ಇದು ಗೊತ್ತಿತ್ತು.

ಕೃತಕ ಹುಲ್ಲು ಬೇಡವೆಂದು ನಾನು ಹೇಳುವುದಿಲ್ಲ. ನೆರಳಿರುವ ಕಡೆ, ಕೆಳಗೆ ಗಟ್ಟಿ ಖಡಿಯ ತಳ ಮತ್ತು ಇಳಿಜಾರು ಇದ್ದರೆ ಅದು ಬಾಳುತ್ತದೆ. ನಿಂತ ನೀರಿಗೆ ಮಾತ್ರ ಅದು ಪರಿಹಾರವಲ್ಲ. ಹಣ ಬಿಚ್ಚುವ ಮೊದಲು ತೋಟದಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ, ಸಂಜೆ ನೀರು ತುಂಬಿಸಿಡಿ. ಬೆಳಗಾದರೂ ನೀರು ನಿಂತಿದ್ದರೆ ಮೊದಲ ರೂಪಾಯಿಯನ್ನು ಪೈಪು, ಖಡಿಗೆ ಖರ್ಚು ಮಾಡಿ. ಹಸಿರಿನ ಮಾತು ಆಮೇಲೆ.