ಮೋಟಾರಿನ ಹಿಂದಿನ ಇರುಸು

ಒಂದೇ ಇರುಸಿಗೆ ಸಿಕ್ಕಿಸಿದ ಎರಡು ಗಾಲಿಗಳಲ್ಲಿ ಒಂದು ಕುಳಿಗೆ ಇಳಿದರೆ ಇನ್ನೊಂದೂ ಓರೆಯಾಗುವುದನ್ನು ಎತ್ತಿನ ಗಾಡಿಯಲ್ಲಿ ಕಾಣುತ್ತೇವೆ. 2023ರಲ್ಲಿ ಮುಂಬಯಿಯ ಬೀದಿಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಯ ಹಿಂಬದಿಯೂ ಅಂತಹುದೇ. ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಪೆಟ್ಟಿಗೆಯೂ ಆ ಇರುಸಿನಲ್ಲಿಯೇ ಇರುವುದರಿಂದ ಅದರ ಭಾರವೆಲ್ಲ ಗಾಲಿಗಳೊಡನೆ ಕುಣಿಯುತ್ತದೆ. ಭಾರವಾದ ಗಾಲಿ ಉಬ್ಬುತಗ್ಗುಗಳಲ್ಲಿ ನೆಲವನ್ನು ಬೇಗ ಬಿಡುತ್ತದೆ.

1961ರಲ್ಲಿ ಇಂಗ್ಲೆಂಡಿನ ಜಾಗ್ವಾರ್ ಕಂಪನಿಯವರು ಇ-ಟೈಪ್ ಕಾರಿನಲ್ಲಿ ಆ ಪೆಟ್ಟಿಗೆಯನ್ನೂ ಹಿಂದಿನ ಬ್ರೇಕುಗಳನ್ನೂ ಒಡಲಿಗೇ ಬಿಗಿದು, ಪ್ರತಿ ಗಾಲಿಗೂ ಬೇರೆ ತೋಳು, ಬೇರೆ ಸ್ಪ್ರಿಂಗುಗಳನ್ನಿತ್ತರು. ಅಮೆರಿಕದ ಹವ್ಯಾಸಿಗಳು ಗುಜರಿಯ ಜಾಗ್ವಾರುಗಳಿಂದ ಇದನ್ನು ಬಿಚ್ಚಿ, ಮನೆಯ ಷೆಡ್ಡಿನಲ್ಲಿಯೇ ತಮ್ಮ ಕಾರುಗಳಿಗೆ ಜೋಡಿಸತೊಡಗಿದರು. ಬಿಚ್ಚುವುದೇನೋ ಸುಲಭವೆಂದೇ ಹೇಳೋಣ. ಜೋಡಿಸುವಾಗ, ಗಾಲಿ ಹಿಂದುಮುಂದಾಗದಂತೆ ಹಿಡಿಯುವ ಉದ್ದ ಸರಳುಗಳನ್ನು ಕೈಬಿಟ್ಟರೆ, ಬ್ರೇಕು ಹಾಕಿದಾಗಿನ ಸೆಳೆತವೆಲ್ಲ ಕೆಳತೋಳಿನ ಬುಡಕ್ಕೆ ಬೀಳುತ್ತದೆ. ಅಲ್ಲಿಯ ಬೆಸುಗೆ ಬಿರಿದರೆ, ಓಡುವ ಕಾರಿನಲ್ಲಿಯೇ ಗಾಲಿ ತಿರುಚಿಕೊಳ್ಳುವುದು.